ಸಾನಿಯಾ ಮಿರ್ಜಾ: ಒಂದನೇ ಸ್ಥಾನವೋ, ಇಪ್ಪತ್ತೇಳನೇ ಸ್ಥಾನವೋ?

ಪ್ರಶ್ನೆ: ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಶಾಲೆಯ ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. 2015ರಲ್ಲಿ ಸಾನಿಯಾ ಮಿರ್ಜಾ ಟೆನಿಸ್‌ನಲ್ಲಿ ವಿಶ್ವದ ನಂಬರ್ 1 ಆದರು ಎಂದು ಅವಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದೆ. ಬಹಳ ವರ್ಷಗಳಿಂದ ಟೆನಿಸ್ ನೋಡುತ್ತ ಬಂದಿರುವ ನಮ್ಮ ಭಾವನವರು ಇದನ್ನು ಒಪ್ಪುವುದಿಲ್ಲ. ಅವರ ಅತ್ಯುತ್ತಮ ಸ್ಥಾನ 27, ಗ್ರ್ಯಾಂಡ್‌ಸ್ಲಾಮ್‌ನಲ್ಲಿ ನಾಲ್ಕನೇ ಸುತ್ತು ದಾಟಿದವರೇ ಅಲ್ಲ, ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆ ಎನ್ನುತ್ತಾರೆ. ಯಾರು ಸರಿ? ಇನ್ನೊಂದು ಸಂದೇಹ: ಸಾನಿಯಾ ಆಗ ಮಾರ್ಟಿನಾ ಹಿಂಗಿಸ್ ಜೊತೆ ಆಡುತ್ತಿದ್ದರಲ್ಲ, ಹಾಗಾದರೆ ಹಿಂಗಿಸ್ ಎಷ್ಟನೆಯವರು? ಒಂದೇ ಸ್ಥಾನದಲ್ಲಿ ಇಬ್ಬರು ಇರಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳ ಪುಸ್ತಕದಲ್ಲಿರುವ ಒಂದು ಸಾಲನ್ನು ಮನೆಯವರೆಲ್ಲ ಕೂತು ಪರೀಕ್ಷಿಸಿದ್ದೀರಿ. ಇಂಥ ಸಂದೇಹ ಬರುವುದು ಸಹಜವೂ ಹೌದು, ಒಳ್ಳೆಯದೂ ಹೌದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪುಸ್ತಕವೂ ಸರಿ, ನಿಮ್ಮ ಭಾವನವರೂ ಸರಿ. ಸಾನಿಯಾ ಮಿರ್ಜಾ ಅವರ ಅತ್ಯುತ್ತಮ ಸ್ಥಾನ 27 ಎಂಬುದು ನಿಜ, 1 ಎಂಬುದೂ ನಿಜ. ಎರಡು ಸಂಖ್ಯೆಗಳು ಎರಡು ಬೇರೆ ಪಟ್ಟಿಗಳಿಂದ ಬಂದಿವೆ. ಪುಸ್ತಕ ಒಂದೇ ಒಂದು ಪದವನ್ನು ಬಿಟ್ಟಿದೆ, ಅದು ‘ಡಬಲ್ಸ್’. ಆ ಪದವನ್ನು ಸೇರಿಸಿದರೆ ಮನೆಯ ವಾದ ಮುಗಿಯುತ್ತದೆ. ಆದರೆ 27ರಿಂದ 1ರವರೆಗಿನ ದಾರಿ ತಿಳಿದರೆ ಮಾತ್ರ ಆ ಪದದ ಬೆಲೆ ತಿಳಿಯುತ್ತದೆ. ಅದಕ್ಕೇ ಹಂತಹಂತವಾಗಿ ವಿವರಿಸುತ್ತೇನೆ.

ಮೊದಲು ಪಟ್ಟಿಗಳ ವಿಷಯ. ಮಹಿಳೆಯರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ ಡಬ್ಲ್ಯುಟಿಎ. ಅದು 1973ರಲ್ಲಿ ಹುಟ್ಟಿತು. ಆಟಗಾರ್ತಿಯರ ರ‍್ಯಾಂಕಿಂಗ್ ಅನ್ನು ಅದು 1975ರಿಂದ ಕಂಪ್ಯೂಟರ್ ಲೆಕ್ಕದಲ್ಲಿ ಪ್ರಕಟಿಸುತ್ತಿದೆ. ಅದು ಸಿಂಗಲ್ಸ್ ಪಟ್ಟಿ, ಅಂದರೆ ಒಬ್ಬರ ಎದುರು ಒಬ್ಬರು ಆಡುವ ಆಟದ ಲೆಕ್ಕ. 1984ರಲ್ಲಿ ಡಬಲ್ಸ್‌ಗಾಗಿ, ಅಂದರೆ ಇಬ್ಬರ ಎದುರು ಇಬ್ಬರು ಆಡುವ ಆಟಕ್ಕಾಗಿ, ಇನ್ನೊಂದು ಪಟ್ಟಿ ಶುರುವಾಯಿತು. ಒಬ್ಬ ಆಟಗಾರ್ತಿಯ ಹೆಸರು ಎರಡೂ ಪಟ್ಟಿಗಳಲ್ಲಿ ಇರಬಹುದು. ಆದರೆ ಸಿಂಗಲ್ಸ್‌ನಲ್ಲಿ ಗಳಿಸಿದ ಅಂಕ ಡಬಲ್ಸ್ ಪಟ್ಟಿಗೆ ಹೋಗುವುದಿಲ್ಲ, ಡಬಲ್ಸ್‌ನದು ಸಿಂಗಲ್ಸ್‌ಗೆ ಬರುವುದಿಲ್ಲ. ಮಗಳಿಗೆ ಹೀಗೆ ಹೇಳಿ: ಗಣಿತದಲ್ಲಿ 27ನೆಯವಳಾದ ಹುಡುಗಿ ಕನ್ನಡದಲ್ಲಿ ತರಗತಿಗೇ ಮೊದಲಿಗಳಾಗಿರಬಹುದು, ಎರಡೂ ಅಂಕಪಟ್ಟಿಗಳು ಸುಳ್ಳು ಹೇಳುವುದಿಲ್ಲ.

ಈ ಸ್ಥಾನವನ್ನು ಲೆಕ್ಕ ಹಾಕುವುದು ಹೇಗೆ? ಪ್ರತಿ ಟೂರ್ನಿಯಲ್ಲೂ ಎಷ್ಟನೇ ಸುತ್ತಿನವರೆಗೆ ಹೋದರೆ ಎಷ್ಟು ಅಂಕ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಗ್ರ್ಯಾಂಡ್‌ಸ್ಲಾಮ್ ಗೆದ್ದವರಿಗೆ 2000 ಅಂಕ, ಫೈನಲ್‌ನಲ್ಲಿ ಸೋತವರಿಗೆ 1300. ಇಂಡಿಯನ್ ವೆಲ್ಸ್, ಮಯಾಮಿಯಂಥ ದೊಡ್ಡ ಟೂರ್ನಿ ಗೆದ್ದರೆ 1000. ಕಳೆದ 52 ವಾರಗಳಲ್ಲಿ ಗಳಿಸಿದ ಅಂಕಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಹೋದ ವರ್ಷ ಇದೇ ವಾರ ಗೆದ್ದ ಅಂಕಗಳು ಈ ವರ್ಷ ಆ ವಾರ ಬಂದೊಡನೆ ಉದುರಿಹೋಗುತ್ತವೆ. ಹಾಗಾಗಿ ಒಮ್ಮೆ ಗೆದ್ದು ಮೇಲೇರಿದರೆ ಸಾಲದು, ಮೇಲೆಯೇ ಉಳಿಯಲು ವಾರವಾರವೂ ಗೆಲ್ಲುತ್ತಿರಬೇಕು. ಸೋಮವಾರ ಹೊಸ ಪಟ್ಟಿ ಬರುತ್ತದೆ.

ಈಗ ನಿಮ್ಮ ಭಾವನವರ 27ಕ್ಕೆ ಬರೋಣ. ಆ ಸಂಖ್ಯೆಯ ಹಿಂದೆ ಎಷ್ಟು ಶ್ರಮವಿದೆ ಎಂಬುದನ್ನು ಮಗಳು ತಿಳಿಯಬೇಕು ಎಂಬ ಆಸೆ ನನ್ನದು.

ಸಾನಿಯಾ ಹುಟ್ಟಿದ್ದು 1986ರ ನವೆಂಬರ್ 15ರಂದು, ಮುಂಬೈಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಹೈದರಾಬಾದಿನಲ್ಲಿ. ಆರನೇ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದರು. ತಂದೆ ಇಮ್ರಾನ್ ಮಿರ್ಜಾ ಅವರೇ ಬಹುಕಾಲ ತರಬೇತಿ ನೀಡಿದರು. 2003ರಲ್ಲಿ ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆಗೂಡಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದಾಗ ಅವರಿಗೆ 16 ವರ್ಷ. ಅದೇ ವರ್ಷ ವೃತ್ತಿಪರ ಆಟಗಾರ್ತಿಯಾದರು.

ಆ ಹೊತ್ತಿಗೆ ಭಾರತದ ಮಹಿಳಾ ಟೆನಿಸ್ ಎಲ್ಲಿತ್ತು? ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಒಂದು ಪಂದ್ಯ ಗೆದ್ದಿದ್ದರು. ಗ್ರ್ಯಾಂಡ್‌ಸ್ಲಾಮ್ ಪ್ರಧಾನ ಸುತ್ತಿನ ಸಿಂಗಲ್ಸ್‌ನಲ್ಲಿ ಆಧುನಿಕ ಕಾಲದಲ್ಲಿ ಭಾರತೀಯ ಮಹಿಳೆಯೊಬ್ಬರು ಪಡೆದ ಮೊದಲ ಗೆಲುವು ಅದು. ಅಂದರೆ ಒಂದು ಪಂದ್ಯ ಗೆದ್ದದ್ದೇ ಚರಿತ್ರೆಯಾಗಿದ್ದ ಕಾಲ. ಅದಾಗಿ ಏಳು ವರ್ಷಕ್ಕೆ, 2005ರ ಜನವರಿಯಲ್ಲಿ, 18 ವರ್ಷದ ಸಾನಿಯಾ ವೈಲ್ಡ್ ಕಾರ್ಡ್ ಪಡೆದು ಆಸ್ಟ್ರೇಲಿಯನ್ ಓಪನ್‌ಗೆ ಹೋದರು. ಎರಡು ಪಂದ್ಯ ಗೆದ್ದು ಮೂರನೇ ಸುತ್ತು ತಲುಪಿದರು. ಅಲ್ಲಿ ಎದುರಾದವರು ಸೆರೆನಾ ವಿಲಿಯಮ್ಸ್. 1-6, 4-6ರಲ್ಲಿ ಸೋತರೂ ಎರಡನೇ ಸೆಟ್‌ನ ಹೋರಾಟವನ್ನು ಇಡೀ ದೇಶ ಗಮನಿಸಿತು. ಆ ವರ್ಷ ಅಲ್ಲಿ ಪ್ರಶಸ್ತಿ ಗೆದ್ದವರೂ ಸೆರೆನಾ ಅವರೇ.

ಮರುತಿಂಗಳು ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಉಕ್ರೇನಿನ ಅಲ್ಯೋನಾ ಬೊಂಡರೆಂಕೊ ಅವರನ್ನು 6-4, 5-7, 6-3ರಿಂದ ಸೋಲಿಸಿ ಸಾನಿಯಾ ಪ್ರಶಸ್ತಿ ಗೆದ್ದರು. ಭಾರತೀಯ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಇದು, ಅದೂ ತಮ್ಮ ಊರಿನ ಜನರ ಮುಂದೆ. ಅದಾದ ಮೇಲೆ ದುಬೈಯಲ್ಲಿ, ಹಿಂದಿನ ವರ್ಷದ ಅಮೆರಿಕ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಅದೇ ವರ್ಷದ ಅಮೆರಿಕ ಓಪನ್‌ನಲ್ಲಿ ನಾಲ್ಕನೇ ಸುತ್ತಿಗೇರಿ, ಅಗ್ರ ಶ್ರೇಯಾಂಕದ ಮರಿಯಾ ಶರಪೋವಾ ಎದುರು ಸೋತರು. ನಿಮ್ಮ ಭಾವನವರು ಹೇಳಿದ ‘ನಾಲ್ಕನೇ ಸುತ್ತು’ ಇದೇ. 2004ರ ಕೊನೆಯಲ್ಲಿ ಪಟ್ಟಿಯಲ್ಲಿ 200ರ ಆಚೆ ಇದ್ದ ಹುಡುಗಿ 2005ರ ಕೊನೆಗೆ 31ನೇ ಸ್ಥಾನದಲ್ಲಿದ್ದರು.

ಅವರ ಅತ್ಯುತ್ತಮ ಸಿಂಗಲ್ಸ್ ವರ್ಷ 2007. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಫೈನಲ್ ತಲುಪಿದರು. ಆಗಸ್ಟ್ 27ರ ಸೋಮವಾರದ ಪಟ್ಟಿಯಲ್ಲಿ 27ನೇ ಸ್ಥಾನಕ್ಕೇರಿದರು. ತಾರೀಖೂ 27, ಸ್ಥಾನವೂ 27. ರಸಪ್ರಶ್ನೆಗೆ ನೆನಪಿಡಲು ಮಗಳಿಗೆ ಸುಲಭವಾದೀತು. ಅದಕ್ಕೂ ಹಿಂದೆ ಭಾರತದ ಯಾವ ಮಹಿಳೆಯೂ ಸಿಂಗಲ್ಸ್ ಪಟ್ಟಿಯಲ್ಲಿ ಅಷ್ಟು ಎತ್ತರ ತಲುಪಿರಲಿಲ್ಲ. ಹಾಗಾಗಿ 27 ಎನ್ನುವಾಗ ಅದನ್ನು ‘ಬರೀ 27’ ಎಂದು ಹೇಳಬೇಡಿ ಎಂಬುದು ನನ್ನ ಕೋರಿಕೆ.

ಮತ್ತೆ ಅಲ್ಲಿಂದ ಮೇಲೇಕೆ ಹೋಗಲಿಲ್ಲ? ಮುಖ್ಯ ಕಾರಣ ದೇಹ. ಸಾನಿಯಾ ಅವರ ಆಟದ ಜೀವಾಳ ಫೋರ್‌ಹ್ಯಾಂಡ್. ಚೆಂಡನ್ನು ಚಪ್ಪಟೆಯಾಗಿ, ಬಿರುಸಾಗಿ, ಎದುರಾಳಿ ಎಣಿಸದ ಕೋನಕ್ಕೆ ಹೊಡೆಯುತ್ತಿದ್ದರು. ಮಣಿಕಟ್ಟಿನ ತಿರುವಿನಿಂದ ಆ ಹೊಡೆತಕ್ಕೆ ಬಲ ಬರುತ್ತಿತ್ತು. ಆ ಬಲಗೈ ಮಣಿಕಟ್ಟೇ 2008ರಲ್ಲಿ ಕೈಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ನೋವಿನಿಂದ ಪಂದ್ಯ ಬಿಟ್ಟುಕೊಡಬೇಕಾಯಿತು. ಮಣಿಕಟ್ಟಿಗೂ ಮೊಣಕಾಲಿಗೂ ಶಸ್ತ್ರಚಿಕಿತ್ಸೆಗಳಾದವು. ಸಿಂಗಲ್ಸ್‌ನಲ್ಲಿ ಇಡೀ ಅಂಕಣವನ್ನು ಒಬ್ಬರೇ ಕಾಯಬೇಕು, ಪ್ರತಿ ಪಾಯಿಂಟ್‌ಗೂ ಎಡಕ್ಕೆ ಬಲಕ್ಕೆ ಓಡಬೇಕು. ಅವರ ಸರ್ವ್ ಕೂಡ ಫೋರ್‌ಹ್ಯಾಂಡ್‌ನಷ್ಟು ಬಲವಾಗಿರಲಿಲ್ಲ. ಸರ್ವ್‌ನಿಂದಲೇ ಸುಲಭದ ಪಾಯಿಂಟ್ ಸಿಗದವರು ಇನ್ನಷ್ಟು ಓಡಬೇಕಾಗುತ್ತದೆ. ಕೊನೆಗೆ 2013ರ ಹೊತ್ತಿಗೆ ಸಿಂಗಲ್ಸ್ ಬಿಟ್ಟು ಡಬಲ್ಸ್ ಒಂದರಲ್ಲೇ ಆಡುವ ನಿರ್ಧಾರ ಮಾಡಿದರು.

‘ಸಿಂಗಲ್ಸ್‌ನಲ್ಲಿ ಆಗದೆ ಇದ್ದವರು ಡಬಲ್ಸ್‌ಗೆ ಹೋಗುತ್ತಾರೆ, ಅದು ಸುಲಭದ ಆಟ’ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ನಿಮ್ಮ ಭಾವನವರ ಮನಸ್ಸಿನಲ್ಲೂ ಅದೇ ಇರಬಹುದು. ಇಲ್ಲಿ ಸ್ವಲ್ಪ ನಿಂತು ನೋಡೋಣ.

ಟೆನಿಸ್ ಅಂಕಣದ ಉದ್ದ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ. ಡಬಲ್ಸ್‌ಗೆ ಎರಡೂ ಪಕ್ಕದ ನಾಲ್ಕೂವರೆ ಅಡಿ ಪಟ್ಟಿಗಳು ಸೇರಿ ಅಗಲ 36 ಅಡಿ. ಇಬ್ಬರಿಗೆ ಹಂಚಿದರೆ ಒಬ್ಬೊಬ್ಬರಿಗೆ 18 ಅಡಿ. ಓಟ ಕಡಿಮೆ, ನಿಜ. ಆದರೆ ಸಮಯವೂ ಕಡಿಮೆ. ಎದುರಿನ ಜೋಡಿಯಲ್ಲಿ ಒಬ್ಬರು ನೆಟ್‌ಗೆ ಅಂಟಿದಂತೆ ನಿಂತಿರುತ್ತಾರೆ. ನಿಮ್ಮ ಚೆಂಡು ಅವರ ಕೈಗೆಟುಕಿದರೆ ಅದು ನೆಲ ಮುಟ್ಟುವ ಮೊದಲೇ ಅಷ್ಟೇ ವೇಗದಲ್ಲಿ ಹಿಂದಿರುಗುತ್ತದೆ. ಸಿಂಗಲ್ಸ್‌ನಲ್ಲಿ ಒಳ್ಳೆಯದೆನಿಸುವ, ಅಂಕಣದ ನಡುವೆ ಹೋಗುವ ಗಟ್ಟಿ ಹೊಡೆತ ಡಬಲ್ಸ್‌ನಲ್ಲಿ ಎದುರಾಳಿಗೆ ಕೊಟ್ಟ ಉಡುಗೊರೆಯಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಪಕ್ಕದಲ್ಲಿ ಇರುವವರು ಮುಂದಿನ ಕ್ಷಣ ಎಲ್ಲಿರುತ್ತಾರೆ ಎಂಬುದು ತಿರುಗಿ ನೋಡದೆಯೇ ಗೊತ್ತಿರಬೇಕು. ಒಬ್ಬರು ಅಡ್ಡ ಓಡಿದರೆ ಅವರು ಬಿಟ್ಟ ಜಾಗವನ್ನು ಇನ್ನೊಬ್ಬರು ಅದೇ ಗಳಿಗೆಯಲ್ಲಿ ತುಂಬಬೇಕು. ಡಬಲ್ಸ್‌ನ ಅರ್ಧ ಆಟ ನಡೆಯುವುದು ಚೆಂಡು ಹೊಡೆಯದೆ ಇರುವವರ ಕಾಲುಗಳಲ್ಲಿ. ಸಿಂಗಲ್ಸ್‌ನಲ್ಲಿ ಹೆಸರು ಮಾಡಿದ ಎಷ್ಟೋ ಆಟಗಾರರು ಇಲ್ಲಿ ತಡವರಿಸುವುದು ಇದಕ್ಕೇ.

ಸಾನಿಯಾ ಅವರ ಆಟ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಂಕಣದ ಬಲಬದಿಯಲ್ಲಿ ನಿಂತರೆ ಹೆಚ್ಚಿನ ಚೆಂಡುಗಳು ಅವರ ಫೋರ್‌ಹ್ಯಾಂಡ್‌ಗೇ ಬರುತ್ತಿದ್ದವು. ಎದುರಾಳಿಯ ಸರ್ವ್ ಅನ್ನು ಅವರು ಹಿಂದಿರುಗಿಸುವ ಬಿರುಸಿಗೆ ನೆಟ್ ಬಳಿ ಇದ್ದವರಿಗೆ ಕೈಯೆತ್ತಲು ಸಮಯ ಸಿಗುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ. ಡಬಲ್ಸ್ ಅವರಿಗೆ ಗಾಯವಾದ ಮೇಲೆ ಹುಡುಕಿಕೊಂಡ ಹೊಸ ದಾರಿಯಲ್ಲ. ಅವರ ಮೊದಲ ಡಬ್ಲ್ಯುಟಿಎ ಪ್ರಶಸ್ತಿಯೇ 2004ರಲ್ಲಿ ಹೈದರಾಬಾದಿನಲ್ಲಿ ಲೀಜಲ್ ಹ್ಯೂಬರ್ ಜೊತೆಗೂಡಿ ಗೆದ್ದ ಡಬಲ್ಸ್. 2006ರಲ್ಲಿ ಇದೇ ಜೋಡಿ ನಮ್ಮ ಬೆಂಗಳೂರಿನ ಟೂರ್ನಿಯಲ್ಲೂ ಪ್ರಶಸ್ತಿ ಎತ್ತಿತ್ತು. 2011ರ ಫ್ರೆಂಚ್ ಓಪನ್‌ನಲ್ಲಿ ಎಲೆನಾ ವೆಸ್ನಿನಾ ಜೊತೆ ಫೈನಲ್ ತಲುಪಿದ್ದರು. 2014ರ ಕೊನೆಯಲ್ಲಿ ವರ್ಷದ ಅತ್ಯುತ್ತಮ ಜೋಡಿಗಳಷ್ಟೇ ಆಡುವ ಡಬ್ಲ್ಯುಟಿಎ ಫೈನಲ್ಸ್ ಸಿಂಗಪುರದಲ್ಲಿ ನಡೆದಾಗ, ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ ಆಡಿ ಫೈನಲ್ ಅನ್ನು 6-1, 6-0ಯಿಂದ ಗೆದ್ದರು. ಹತ್ತು ವರ್ಷ ಎರಡನೇ ಕೆಲಸವಾಗಿ ಮಾಡಿಕೊಂಡು ಬಂದದ್ದನ್ನು ಮೊದಲ ಕೆಲಸವಾಗಿ ಮಾಡಿಕೊಂಡರು ಎಂದರೆ ಸರಿಯಾದೀತು.

ಈಗ ನಿಮ್ಮ ಪುಸ್ತಕದ 2015. ಆ ವರ್ಷದ ಮಾರ್ಚ್‌ನಲ್ಲಿ ಸಾನಿಯಾ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಗೂಡಿದರು. ಹಿಂಗಿಸ್ 1997ರಲ್ಲಿ, 16ನೇ ವಯಸ್ಸಿನಲ್ಲೇ ಸಿಂಗಲ್ಸ್‌ನ ನಂಬರ್ 1 ಆಗಿದ್ದವರು, ಐದು ಸಿಂಗಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದವರು. ಅಂಕಣದ ಎಲ್ಲ ಮೂಲೆಗಳನ್ನೂ ಮೊದಲೇ ಓದಬಲ್ಲ ಬುದ್ಧಿ, ನೆಟ್ ಬಳಿ ಮೃದುವಾದ ಕೈ ಅವರದು. ಸಾನಿಯಾ ಹಿಂದಿನಿಂದ ಬಲವಾಗಿ ಹೊಡೆದು ಎದುರಾಳಿಯನ್ನು ತಬ್ಬಿಬ್ಬು ಮಾಡುವುದು, ಹಿಂಗಿಸ್ ಮುಂದೆ ಬಂದು ಪಾಯಿಂಟ್ ಮುಗಿಸುವುದು. ಅಭಿಮಾನಿಗಳು ಎರಡು ಹೆಸರು ಕೂಡಿಸಿ ಈ ಜೋಡಿಯನ್ನು ‘ಸ್ಯಾಂಟಿನಾ’ ಎಂದು ಕರೆದರು. ಆಡಿದ ಮೊದಲ ಮೂರು ಟೂರ್ನಿಗಳನ್ನೂ ಅವರು ಗೆದ್ದರು: ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್. ಮೂರನೆಯದನ್ನು ಗೆದ್ದ ಮರುದಿನ, 2015ರ ಏಪ್ರಿಲ್ 13ರ ಸೋಮವಾರ, ಡಬಲ್ಸ್ ಪಟ್ಟಿಯಲ್ಲಿ ಸಾನಿಯಾ ಮಿರ್ಜಾ ಹೆಸರು ಎಲ್ಲರಿಗಿಂತ ಮೇಲಿತ್ತು. ಮಹಿಳಾ ಟೆನಿಸ್‌ನ ಯಾವುದೇ ಪಟ್ಟಿಯಲ್ಲಿ ಭಾರತೀಯರೊಬ್ಬರು ಆ ಸ್ಥಾನ ತಲುಪಿದ್ದು ಅದೇ ಮೊದಲು.

ನಿಮ್ಮ ಎರಡನೇ ಸಂದೇಹಕ್ಕೆ ಉತ್ತರ ಇಲ್ಲಿದೆ, ಇದು ಬಹಳ ಜನ ಎಡವುವ ಜಾಗವೂ ಹೌದು. ಡಬಲ್ಸ್ ಆಡುವುದು ಜೋಡಿಯಾಗಿ, ಆದರೆ ರ‍್ಯಾಂಕಿಂಗ್ ಕೊಡುವುದು ಒಬ್ಬೊಬ್ಬರಿಗೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಜಂಟಿ ಖಾತೆ ಇಲ್ಲ. ಒಂದು ಜೋಡಿ ಗ್ರ್ಯಾಂಡ್‌ಸ್ಲಾಮ್ ಗೆದ್ದರೆ 2000 ಅಂಕವನ್ನು ಸಾವಿರ ಸಾವಿರವೆಂದು ಹಂಚುವುದಿಲ್ಲ, ಇಬ್ಬರ ಖಾತೆಗೂ ತಲಾ 2000 ಜಮೆಯಾಗುತ್ತದೆ. ಜೊತೆಯಾಟಗಾರ್ತಿ ಬದಲಾದರೂ ನಿಮ್ಮ ಖಾತೆ ನಿಮ್ಮದೇ. ಹಾಗಾಗಿ ಏಪ್ರಿಲ್ 13ರಂದು ಸಾನಿಯಾ ಒಬ್ಬರೇ ನಂಬರ್ 1. ಹಿಂಗಿಸ್ ಅದೇ ಮೂರು ಟೂರ್ನಿಗಳನ್ನು ಗೆದ್ದಿದ್ದರೂ ಅವರ ಜೊತೆ ಆ ಸ್ಥಾನದಲ್ಲಿರಲಿಲ್ಲ. ಏಕೆಂದರೆ ಸಾನಿಯಾ ಖಾತೆಯಲ್ಲಿ ಹಿಂದಿನ ವರ್ಷ ಕಾರಾ ಬ್ಲ್ಯಾಕ್ ಜೊತೆ ಗಳಿಸಿದ ಅಂಕಗಳೂ ಇದ್ದವು.

ಇಬ್ಬರು ಒಂದೇ ಸ್ಥಾನದಲ್ಲಿ ಇರಬಹುದೇ ಎಂದು ಕೇಳಿದ್ದೀರಿ. ಇರಬಹುದು. ಒಂದು ಜೋಡಿ ವರ್ಷವಿಡೀ ಒಟ್ಟಿಗೇ ಆಡಿದರೆ ಹಳೆಯ ಅಂಕಗಳೆಲ್ಲ ಉದುರಿ ಇಬ್ಬರ ಖಾತೆಯೂ ಒಂದೇ ಆಗುತ್ತ ಬರುತ್ತದೆ. 2016ರಲ್ಲಿ ಹಾಗೆಯೇ ಆಯಿತು, ಸಾನಿಯಾ ಮತ್ತು ಹಿಂಗಿಸ್ ಇಬ್ಬರೂ ಜಂಟಿಯಾಗಿ ನಂಬರ್ 1 ಆದರು. ಆ ವರ್ಷದ ಆಗಸ್ಟ್‌ನಲ್ಲಿ ಜೋಡಿ ಬೇರೆಯಾಯಿತು. ಬೇರೆಯಾದ ಬೆನ್ನಿಗೇ ಸಿನ್ಸಿನಾಟಿಯ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಸಾನಿಯಾ ಪಕ್ಕದಲ್ಲಿ ಚೆಕ್ ಗಣರಾಜ್ಯದ ಬಾರ್ಬೊರಾ ಸ್ಟ್ರಿಕೋವಾ, ಹಿಂಗಿಸ್ ಪಕ್ಕದಲ್ಲಿ ಅಮೆರಿಕದ ಕೊಕೊ ವ್ಯಾಂಡೆವೇ. ಸಾನಿಯಾ ಜೋಡಿ 7-5, 6-4ರಿಂದ ಗೆದ್ದಿತು. ಮರುದಿನದ ಪಟ್ಟಿಯಲ್ಲಿ ಸಾನಿಯಾ ಮತ್ತೆ ಒಬ್ಬರೇ ನಂಬರ್ 1. ರ‍್ಯಾಂಕಿಂಗ್ ಜೋಡಿಯದಲ್ಲ, ಒಬ್ಬೊಬ್ಬರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆ ಸ್ಥಾನದಲ್ಲಿ ಅವರು ಒಟ್ಟು 91 ವಾರ ಇದ್ದರು. ಪ್ರತಿವಾರ ಅಂಕ ಉದುರುವ ಲೆಕ್ಕವನ್ನು ಮೇಲೆ ಹೇಳಿದೆನಲ್ಲ, ಅದನ್ನು ನೆನೆದು ಈ 91ನ್ನು ನೋಡಿ.

ನಂಬರ್ 1 ಆದ ಮೇಲಿನ ಆಟ ಇನ್ನೂ ದೊಡ್ಡದು. 2015ರ ಜುಲೈ 11ರಂದು ವಿಂಬಲ್ಡನ್ ಮಹಿಳೆಯರ ಡಬಲ್ಸ್ ಫೈನಲ್. ಎದುರಿಗೆ ರಷ್ಯಾದ ಎಕತೆರಿನಾ ಮಕರೋವಾ ಮತ್ತು ಎಲೆನಾ ವೆಸ್ನಿನಾ. ನಾಲ್ಕು ವರ್ಷ ಹಿಂದೆ ಪ್ಯಾರಿಸ್ಸಿನಲ್ಲಿ ಸಾನಿಯಾ ಜೊತೆ ಫೈನಲ್ ಆಡಿದ್ದ ಅದೇ ವೆಸ್ನಿನಾ. ಮೊದಲ ಸೆಟ್ 5-7ರಲ್ಲಿ ಹೋಯಿತು. ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಗೆದ್ದುಕೊಂಡರು. ಮೂರನೆಯ ಸೆಟ್‌ನಲ್ಲಿ 2-5ರ ಹಿನ್ನಡೆ, ಇನ್ನೊಂದು ಗೇಮ್ ಹೋದರೆ ಮುಗಿಯಿತು. ಅಲ್ಲಿಂದ ಒಂದೊಂದೇ ಗೇಮ್ ಗೆದ್ದು 5-5 ಮಾಡಿದಾಗ ಬೆಳಕು ಸಾಲದೆ ಆಟ ನಿಲ್ಲಿಸಿ ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಿದರು. ದೀಪದ ಬೆಳಕಿನಲ್ಲಿ ಆಟ ಮುಂದುವರಿದು, ಉಳಿದ ಎರಡು ಗೇಮ್‌ಗಳನ್ನೂ ಗೆದ್ದು, 5-7, 7-6, 7-5ರಲ್ಲಿ ಪ್ರಶಸ್ತಿ ಹಿಡಿದರು. ಮಹಿಳೆಯರ ಡಬಲ್ಸ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ದೊರೆತ ಮೊದಲ ಗ್ರ್ಯಾಂಡ್‌ಸ್ಲಾಮ್ ಅದು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್, ಮರುವರ್ಷದ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಈ ನಡುವೆ ಸತತ 41 ಪಂದ್ಯಗಳಲ್ಲಿ ಈ ಜೋಡಿ ಸೋಲನ್ನೇ ಕಾಣಲಿಲ್ಲ. 2016ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಆ ಓಟ ನಿಂತಿತು, ನಿಲ್ಲಿಸಿದ ಜೋಡಿಯಲ್ಲಿ ವೆಸ್ನಿನಾ ಇದ್ದರು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ, ರಸಪ್ರಶ್ನೆಯಲ್ಲಿ ಬರುವ ಸಾಧ್ಯತೆಯಿದೆ. ಸಾನಿಯಾ ಆರು ಗ್ರ್ಯಾಂಡ್‌ಸ್ಲಾಮ್ ಗೆದ್ದವರು ಎಂದು ಕೆಲವೆಡೆ, ಮೂರು ಎಂದು ಕೆಲವೆಡೆ ಓದುತ್ತೀರಿ. ಮೂರು ಎನ್ನುವವರು ಹಿಂಗಿಸ್ ಜೊತೆ ಗೆದ್ದ ಮಹಿಳೆಯರ ಡಬಲ್ಸ್ ಮಾತ್ರ ಎಣಿಸುತ್ತಾರೆ. ಆರು ಎನ್ನುವವರು ಮಿಶ್ರ ಡಬಲ್ಸ್‌ನ ಮೂರನ್ನೂ ಸೇರಿಸುತ್ತಾರೆ. ಅವು 2009ರ ಆಸ್ಟ್ರೇಲಿಯನ್ ಓಪನ್ ಮತ್ತು 2012ರ ಫ್ರೆಂಚ್ ಓಪನ್, ಎರಡೂ ಮಹೇಶ್ ಭೂಪತಿ ಜೊತೆ. ಮೂರನೆಯದು 2014ರ ಅಮೆರಿಕ ಓಪನ್, ಬ್ರೆಜಿಲ್‌ನ ಬ್ರೂನೊ ಸೋರೆಸ್ ಜೊತೆ. ಒಬ್ಬ ಪುರುಷ, ಒಬ್ಬ ಮಹಿಳೆ ಸೇರಿ ಆಡುವ ಮಿಶ್ರ ಡಬಲ್ಸ್‌ಗೆ ರ‍್ಯಾಂಕಿಂಗ್ ಪಟ್ಟಿಯೇ ಇಲ್ಲ. ಅಲ್ಲಿ ಗೆದ್ದರೆ ಪ್ರಶಸ್ತಿ ಉಂಟು, ಮಹಿಳೆಯರ ಡಬಲ್ಸ್ ಪಟ್ಟಿಗೆ ಅದರಿಂದ ಒಂದು ಅಂಕವೂ ಸೇರುವುದಿಲ್ಲ. ಆದ್ದರಿಂದ ಒಟ್ಟು ಆರು, ಅದರಲ್ಲಿ ಮಹಿಳೆಯರ ಡಬಲ್ಸ್ ಮೂರು, ಮಿಶ್ರ ಡಬಲ್ಸ್ ಮೂರು ಎಂದರೆ ಯಾರೂ ತಪ್ಪು ಹಿಡಿಯಲಾರರು.

ಸಿಂಗಲ್ಸ್ ಒಂದು, ಡಬಲ್ಸ್ ಇನ್ನೊಂದು ಎಂಬುದನ್ನು ನಮ್ಮ ರಾಜ್ಯದವರೇ ಆದ ಒಬ್ಬರಲ್ಲೂ ನೋಡಬಹುದು. ಕೊಡಗಿನ ರೋಹನ್ ಬೋಪಣ್ಣ ಅವರ ಅತ್ಯುತ್ತಮ ಸಿಂಗಲ್ಸ್ ಸ್ಥಾನ 213. ಅವರೇ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಪುರುಷರ ಡಬಲ್ಸ್‌ನ ನಂಬರ್ 1 ಆದರು. 213 ಮತ್ತು 1! ಸಾನಿಯಾ ಅವರ 27 ಮತ್ತು 1ಕ್ಕಿಂತ ಇಲ್ಲಿ ಅಂತರ ಎಷ್ಟೋ ಹೆಚ್ಚು. ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿದ್ದೂ ಬೋಪಣ್ಣ ಅವರೊಂದಿಗೆ, 2023ರ ಆಸ್ಟ್ರೇಲಿಯನ್ ಓಪನ್‌ನ ಮಿಶ್ರ ಡಬಲ್ಸ್‌ನಲ್ಲಿ. ಬ್ರೆಜಿಲ್‌ನ ಜೋಡಿಗೆ ಸೋತ ಮೇಲೆ ಮೆಲ್ಬರ್ನ್‌ನಲ್ಲಿ ಮಾತಾಡುತ್ತ, 14 ವರ್ಷದವಳಾಗಿದ್ದಾಗ ತನ್ನ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಬೋಪಣ್ಣ ಅವರೇ ಆಗಿದ್ದರು ಎಂದು ಸಾನಿಯಾ ನೆನೆದು ಕಣ್ಣೀರಾದರು. ಮರುತಿಂಗಳು ದುಬೈಯಲ್ಲಿ ಆಡಿದ ಪಂದ್ಯದೊಂದಿಗೆ ಅವರ ವೃತ್ತಿಜೀವನ ಮುಗಿಯಿತು. ಅದೇ ಹೊತ್ತಿಗೆ ಬೆಂಗಳೂರಿನ ಆರ್‌ಸಿಬಿ ಮಹಿಳಾ ಕ್ರಿಕೆಟ್ ತಂಡ ಅವರನ್ನು ಮಾರ್ಗದರ್ಶಕಿಯಾಗಿ ಕರೆಸಿಕೊಂಡಿತು. ಕ್ರಿಕೆಟ್ ಕಲಿಸಲು ಅಲ್ಲ, ಒತ್ತಡದಲ್ಲಿ ಆಡುವುದು ಹೇಗೆ ಎಂಬುದನ್ನು ಕಿರಿಯ ಆಟಗಾರ್ತಿಯರಿಗೆ ಹೇಳಿಕೊಡಲು.

ನಡುವಿನ ಒಂದು ಸಂಗತಿಯನ್ನು ಮಗಳಿಗೆ ತಪ್ಪದೆ ಹೇಳಿ. 2018ರ ಅಕ್ಟೋಬರ್‌ನಲ್ಲಿ ಸಾನಿಯಾ ತಾಯಿಯಾದರು. ಗಾಯ, ಬಾಣಂತನ ಎಲ್ಲ ಸೇರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಟೂರ್ನಿಗಳಿಂದ ದೂರವಿದ್ದರು. 52 ವಾರ ದಾಟಿದರೆ ಖಾತೆಯಲ್ಲಿ ಒಂದು ಅಂಕವೂ ಉಳಿಯುವುದಿಲ್ಲ. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಉಕ್ರೇನಿನ ನಾಡಿಯಾ ಕಿಚೆನೊಕ್ ಜೊತೆ ಮತ್ತೆ ಅಂಕಣಕ್ಕಿಳಿದರು, ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದರು. ಅವರು ಒಟ್ಟು ಗೆದ್ದ ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳು 43. ನನಗೆ ಅವುಗಳಲ್ಲಿ ಹೋಬಾರ್ಟ್‌ನದು ವಿಂಬಲ್ಡನ್‌ನಷ್ಟೇ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದ ಮೇಲೆ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ್ದು ಇಷ್ಟು: ‘ಸಾನಿಯಾ ಮಿರ್ಜಾ 2007ರ ಆಗಸ್ಟ್‌ನಲ್ಲಿ ಮಹಿಳೆಯರ ಸಿಂಗಲ್ಸ್‌ನಲ್ಲಿ 27ನೇ ಸ್ಥಾನ, 2015ರ ಏಪ್ರಿಲ್‌ನಲ್ಲಿ ಮಹಿಳೆಯರ ಡಬಲ್ಸ್‌ನಲ್ಲಿ 1ನೇ ಸ್ಥಾನ ಪಡೆದರು.’ ಮುಂದೆ ಯಾವುದೇ ಆಟಗಾರರ ಬಗ್ಗೆ ‘ನಂಬರ್ 1’ ಎಂದು ಓದಿದಾಗಲೂ ‘ಯಾವ ಪಟ್ಟಿಯಲ್ಲಿ, ಯಾವ ವಾರ?’ ಎಂದು ಕೇಳುವ ಅಭ್ಯಾಸ ಅವಳಿಗೆ ಬರಲಿ. ಅವಳ ಪ್ರಶ್ನೆಯಿಂದ ಮನೆಯಲ್ಲಿ ಶುರುವಾದ ಚರ್ಚೆಯೇ ಆ ಅಭ್ಯಾಸದ ಮೊದಲ ಪಾಠ.

ನಿಮ್ಮ ಭಾವನವರಿಗೂ ಒಂದು ವಿನಂತಿ ತಿಳಿಸಿ. ಅವರು ಟೆನಿಸ್ ನೋಡುವವರು ಎಂದಿದ್ದೀರಿ. ಮುಂದಿನ ಸಲ ಟಿವಿಯಲ್ಲಿ ಡಬಲ್ಸ್ ಪಂದ್ಯ ಬಂದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಒಂದು ಗೇಮ್ ಮುಗಿಯುವವರೆಗೆ ಇಬ್ಬರೂ ಚೆಂಡಿನ ಹಿಂದೆ ಕಣ್ಣು ಓಡಿಸದೆ, ಚೆಂಡು ಹೊಡೆಯದೆ ನಿಂತವರನ್ನೇ ನೋಡಲಿ. ಅವರು ಒಂದು ಹೆಜ್ಜೆ ಎಡಕ್ಕೆ ಇಡುವುದು, ಅರ್ಧ ಹೆಜ್ಜೆ ಹಿಂದೆ ಸರಿಯುವುದು, ಜೊತೆಗಾರರು ಬಿಟ್ಟ ಜಾಗವನ್ನು ಸದ್ದಿಲ್ಲದೆ ತುಂಬುವುದು ಕಾಣುತ್ತದೆ. ಸಾನಿಯಾ ಅವರ 91 ವಾರಗಳು ಎಲ್ಲಿಂದ ಬಂದವು ಎಂಬುದು ಆಗ ಇಬ್ಬರಿಗೂ ಹೊಳೆಯುತ್ತದೆ.